ಒಡೆಯನಳಿದ ಮೇಲೆ ಯಂತ್ರದ ಗತಿಯೇನು?

ಹಣ ಕೊಟ್ಟು ಕೊಂಡವನೇ ವಸ್ತುವಿನ ಒಡೆಯನೆಂಬುದು ಲೋಕರೂಢಿ. ನೇಗಿಲನ್ನು ಮಾಡಿಕೊಟ್ಟ ಬಡಗಿಯು ಊರು ಬಿಟ್ಟು ಹೋದರೆ ರೈತನು ಉಳುಮೆಯನ್ನು ನಿಲ್ಲಿಸಬೇಕಾಗಿಲ್ಲ. ನೆರೆಯೂರಿನ ಬಡಗಿಯು ಆ ನೇಗಿಲನ್ನು ನೋಡಿ, ಅದರ ರಚನೆಯನ್ನು ತಿಳಿದು, ಸವೆದ ಭಾಗವನ್ನು ಬದಲಿಸಿ ಕೊಡಬಲ್ಲನು. ಗಣಕಯಂತ್ರವೆಂಬ ಈ ಕಾಲದ ಉಪಕರಣಕ್ಕೆ ಮಾತ್ರ ಈ ನ್ಯಾಯವು ಸಲ್ಲದಾಗಿದೆ. ಅದಕ್ಕೆ ದೇಹವೊಂದು, ಪ್ರಾಣವೊಂದು. ಲೋಹ, ಗಾಜು, ಸಿಲಿಕಾನ್ ಚಿಪ್ಪುಗಳಿಂದಾದ ದೇಹವನ್ನು ನಾವು ಕೊಳ್ಳುತ್ತೇವೆ. ಆ ದೇಹವನ್ನು ನಡೆಸುವ ಪ್ರಾಣವೆಂದರೆ ಆಪರೇಟಿಂಗ್ ಸಿಸ್ಟಮ್ ಎಂಬ ಕಾರ್ಯವ್ಯವಸ್ಥೆ. ಕೀಲಿಮಣೆಯ ಒತ್ತನ್ನು ಗ್ರಹಿಸುವುದು, ಪರದೆಯ ಮೇಲೆ ಅಕ್ಷರ ಮೂಡಿಸುವುದು, ಡಿಸ್ಕಿನಲ್ಲಿ ಕಡತಗಳನ್ನು ಇಡುವುದು, ತೆಗೆಯುವುದು, ಏಕಕಾಲಕ್ಕೆ ನಡೆಯುವ ಹಲವು ಕೆಲಸಗಳಿಗೆ ಸರದಿ ಕೊಡುವುದು, ಇವೆಲ್ಲವೂ ಅದರ ಅಧಿಕಾರ. ಈ ಪ್ರಾಣವನ್ನು ಕಂಪೆನಿಗಳು ಸಾಮಾನ್ಯವಾಗಿ ಮಾರುವುದಿಲ್ಲ. ಬಳಸಲು ಅಪ್ಪಣೆಯನ್ನಷ್ಟೇ ಕೊಡುತ್ತವೆ. ಅದರ ಮೂಲಪಾಠವು ತಯಾರಕನ ತಿಜೋರಿಯಲ್ಲಿ ಭದ್ರವಾಗಿರುತ್ತದೆ. ತಯಾರಕನು ಬಾಗಿಲು ಹಾಕಿದ ದಿನ ಯಂತ್ರವು ಮೇಜಿನ ಮೇಲೆ ಸರ್ವಾಂಗಸುಂದರವಾಗಿ ನಿಂತಿದ್ದರೂ ಅನಾಥವಾಗುತ್ತದೆ. ಹಾಗಾದರೆ ಕೊಂಡವನು ಕೊಂಡದ್ದಾದರೂ ಏನನ್ನು?

ಈ ಪ್ರಶ್ನೆಗೆ ತರ್ಕದಿಂದಲ್ಲ, ಕಾರ್ಯದಿಂದಲೇ ಉತ್ತರ ಕೊಟ್ಟವರ ಕಥೆಯೊಂದುಂಟು. ಸ್ಥಾಲೀಪುಲಾಕ ನ್ಯಾಯದಂತೆ ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಆ ಅಗುಳು ಅಮಿಗಾ ಎಂಬ ಗೃಹಗಣಕ. ಅದಕ್ಕೆ ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯು ಪರಕಾಯಪ್ರವೇಶ ಮಾಡಿದ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ಅಮೆರಿಕೆಯ ಕಮೊಡೋರ್ ಕಂಪೆನಿಯು ೧೯೮೫ರ ಜುಲೈ ೨೩ರಂದು ನ್ಯೂಯಾರ್ಕಿನಲ್ಲಿ ಅಮಿಗಾವನ್ನು ಲೋಕಕ್ಕೆ ತೋರಿಸಿತು. ಅದರ ಮಿದುಳು ಮೋಟರೋಲಾ ೬೮೦೦೦ ಎಂಬ ಪ್ರೊಸೆಸರು. ಚಿತ್ರಕ್ಕೂ ಧ್ವನಿಗೂ ಅದಕ್ಕೆ ಪ್ರತ್ಯೇಕ ಚಿಪ್ಪುಗಳಿದ್ದವು. ಅವುಗಳ ಹಿಂದಿದ್ದ ಮುಖ್ಯ ಶಿಲ್ಪಿ ಜೇ ಮೈನರ್. ಬಣ್ಣದ ಚಲಿಸುವ ಚಿತ್ರ, ನಾಲ್ಕು ಸ್ವರಗಳ ಸಂಗೀತ, ಒಮ್ಮೆಗೇ ಹಲವು ಕೆಲಸಗಳ ನಿರ್ವಹಣೆ, ಇವುಗಳನ್ನು ಮನೆಯ ಯಂತ್ರವೊಂದು ಮಾಡಬಲ್ಲದೆಂಬುದು ಆಗ ಅಚ್ಚರಿಯ ಮಾತಾಗಿತ್ತು. ಕಮೊಡೋರನ್ನು ಕಟ್ಟಿದ ಜಾಕ್ ಟ್ರಾಮಿಯೆಲ್ ೧೯೮೪ರಲ್ಲಿ ಅದನ್ನು ತೊರೆದು, ಅದೇ ವರ್ಷ ಅಟಾರಿಯ ಗೃಹಗಣಕ ವಿಭಾಗವನ್ನು ಕೊಂಡು, ಮರುವರ್ಷವೇ ಅದೇ ೬೮೦೦೦ವನ್ನು ಹೊತ್ತ ಅಟಾರಿ ಎಸ್‌ಟಿಯನ್ನು ಪ್ರತಿಸ್ಪರ್ಧಿಯಾಗಿ ನಿಲ್ಲಿಸಿದನು. ಆಪಲ್ ಕಂಪೆನಿಯ ಮಾಕಿಂಟಾಷಿನ ಮಿದುಳೂ ಇದೇ ಆಗಿತ್ತು. ಮಾರುಕಟ್ಟೆಯಲ್ಲಿ ಪರಸ್ಪರ ಮುಖ ನೋಡದ ಈ ಮೂರು ಯಂತ್ರಗಳು ಒಂದೇ ಯಂತ್ರಭಾಷೆಯನ್ನು ಆಡುತ್ತಿದ್ದವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ವೈಭವವು ಹೆಚ್ಚು ಕಾಲ ನಿಲ್ಲಲಿಲ್ಲ. ಐಬಿಎಂ ಮಾದರಿಯ ಪಿಸಿಗಳು ಇಂಟೆಲ್ ಪ್ರೊಸೆಸರನ್ನು ಹೊತ್ತು ಲೋಕವನ್ನೆಲ್ಲ ತುಂಬಿದವು. ೧೯೯೪ರ ಏಪ್ರಿಲ್ ೨೯ರಂದು ಕಮೊಡೋರ್ ತನ್ನ ವ್ಯವಹಾರವನ್ನು ಮುಗಿಸುವುದಾಗಿ ಸಾರಿತು. ಅದರ ಆಸ್ತಿಯನ್ನು ೧೯೯೫ರಲ್ಲಿ ಕೊಂಡ ಜರ್ಮನಿಯ ಎಸ್ಕಾಮ್ ಕಂಪೆನಿಯು ಮರುವರ್ಷವೇ ದಿವಾಳಿಯೆದ್ದಿತು; ೧೯೯೭ರಲ್ಲಿ ಅದು ಅಮೆರಿಕೆಯ ಗೇಟ್‌ವೇ ಕಂಪೆನಿಯ ಕೈಸೇರಿತು. ಅಮಿಗಾದ ಕಾರ್ಯವ್ಯವಸ್ಥೆ ಯಾರದೆಂಬ ವ್ಯಾಜ್ಯವು ಮುಂದೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಇಷ್ಟೆಲ್ಲ ಕೈಬದಲಾವಣೆಯ ನಡುವೆ, ತಮ್ಮ ಮನೆಯಲ್ಲಿ ಯಂತ್ರವನ್ನಿಟ್ಟುಕೊಂಡು ಕುಳಿತಿದ್ದ ಲಕ್ಷಾಂತರ ಜನರನ್ನು ಕೇಳಿದವರು ಯಾರೂ ಇರಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಮುಖ್ಯವಾಗಿ ಗಮನಿಸತಕ್ಕದ್ದಿದೆ. ದೊಡ್ಡ ಗಣಕಗಳಲ್ಲಿ ಹೆಸರಾಗಿದ್ದ ಯುನಿಕ್ಸ್ ವ್ಯವಸ್ಥೆಯನ್ನು ಕಮೊಡೋರ್ ಕಂಪೆನಿಯೇ ೧೯೯೦ರ ವೇಳೆಗೆ ಅಮಿಗಾ ೩೦೦೦ದ ಮೇಲೆ ಕೂರಿಸಿತ್ತು. ಎಟಿ ಅಂಡ್ ಟಿ ಕಂಪೆನಿಯ ಸಿಸ್ಟಮ್ ಫೈವ್ ನಾಲ್ಕನೆಯ ಆವೃತ್ತಿಯಿಂದ ಹುಟ್ಟಿದ ಇದಕ್ಕೆ ಅಮಿಕ್ಸ್ ಎಂದು ಹೆಸರು. ಕೆಲಸವು ಸಮರ್ಥರಿಂದಲೇ ಆಗಿತ್ತು. ಆದರೆ ಅದರ ಮೂಲಪಾಠವು ಮುಚ್ಚಿದ ಪಾಠ. ತಿದ್ದುವ ಹಕ್ಕು ಕಂಪೆನಿಯದು. ಕಂಪೆನಿಯು ಕೈಬಿಟ್ಟ ಗಳಿಗೆಯಿಂದ ಅದರ ಬೆಳವಣಿಗೆ ನಿಂತಿತು. ಅದೇ ಯಂತ್ರದ ಮೇಲೆ, ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಸಂಬಳವಿಲ್ಲದ ಕೆಲವರು ಇನ್ನೊಂದು ಯುನಿಕ್ಸ್ ಮಾದರಿಯ ವ್ಯವಸ್ಥೆಯನ್ನು ನೆಲೆಗೊಳಿಸಿದರು; ಅದು ಇಂದಿಗೂ ಜೀವಂತವಾಗಿದೆ. ಒಂದೇ ದೇಹ, ಎರಡು ಪ್ರಾಣ. ಒಂದು ಒಡೆಯನೊಡನೆ ಸಹಗಮನ ಮಾಡಿತು, ಇನ್ನೊಂದು ಉಳಿಯಿತು. ಭೇದವು ಕುಶಲತೆಯಲ್ಲಿರಲಿಲ್ಲ, ಪಾಠದ ಮೇಲಣ ಹಕ್ಕಿನಲ್ಲಿತ್ತು.

ಉಳಿದ ಆ ವ್ಯವಸ್ಥೆಯು ಲಿನಕ್ಸ್. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ೨೧ ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ೧೯೯೧ರ ಆಗಸ್ಟ್ ೨೫ರಂದು ತನ್ನ ಪ್ರಯತ್ನವನ್ನು ಜಗತ್ತಿಗೆ ತಿಳಿಸಿದನು. ಸ್ವಾರಸ್ಯವೆಂದರೆ ಅವನು ಸ್ವತಃ ಅನಾಥ ಯಂತ್ರದ ಕಷ್ಟವನ್ನು ಉಂಡವನು. ಅವನ ಹಿಂದಿನ ಗಣಕವು ೬೮೦೦೮ ಪ್ರೊಸೆಸರಿನ ಸಿಂಕ್ಲೇರ್ ಕ್ಯೂಎಲ್. ೧೯೮೪ರಲ್ಲಿ ಬಂದ ಆ ಯಂತ್ರದ ತಯಾರಿಕೆ ೧೯೮೬ರಲ್ಲಿಯೇ ನಿಂತುಹೋಗಿತ್ತು. ಅದಕ್ಕೆ ಬೇಕಾದ ಉಪಕರಣಗಳನ್ನು ಅವನು ತಾನೇ ಬರೆದುಕೊಳ್ಳಬೇಕಾಯಿತು. ಬಳಿಕ ೧೯೯೧ರಲ್ಲಿ ಇಂಟೆಲ್ ೩೮೬ ಪಿಸಿಯೊಂದನ್ನು ಕೊಂಡು ಲಿನಕ್ಸನ್ನು ಅದಕ್ಕಾಗಿಯೇ ಬರೆದನು. ತನ್ನ ಕೃತಿಯು ಬೇರೆ ಯಂತ್ರಗಳಿಗೆ ಒಯ್ಯತಕ್ಕದ್ದಲ್ಲವೆಂದು ಮೊದಲ ಪ್ರಕಟಣೆಯಲ್ಲಿಯೇ ಹೇಳಿಕೊಂಡನು. ಮರುವರ್ಷ ಜನವರಿಯಲ್ಲಿ ಆಂಡ್ರ್ಯೂ ಟ್ಯಾನೆನ್‌ಬಾಮ್ ಎಂಬ ಪ್ರಸಿದ್ಧ ಪ್ರಾಧ್ಯಾಪಕರು ಇದೇ ಅಂಶವನ್ನು ಹಿಡಿದು, ಒಂದೇ ಪ್ರೊಸೆಸರಿಗೆ ಕಟ್ಟುಬಿದ್ದ ವ್ಯವಸ್ಥೆಗೆ ಭವಿಷ್ಯವಿಲ್ಲವೆಂದು ಆಕ್ಷೇಪಿಸಿದರು.

ಪಂಡಿತರ ಆಕ್ಷೇಪವೂ ಕರ್ತೃವಿನ ಒಪ್ಪಿಗೆಯೂ ಒಂದೇ ಆಗಿದ್ದಾಗ ವಿಷಯವು ಅಲ್ಲಿಗೇ ಮುಗಿಯಬೇಕಾಗಿತ್ತು. ಮುಗಿಯದಿರಲು ಕಾರಣ, ೧೯೯೨ರಲ್ಲಿ ಟೊರ್ವಾಲ್ಡ್ಸ್ ಕೈಗೊಂಡ ಒಂದು ನಿರ್ಧಾರ. ರಿಚರ್ಡ್ ಸ್ಟಾಲ್‌ಮನ್ನರ ಗ್ನೂ ಚಳವಳಿಯು ರಚಿಸಿದ್ದ ಜಿಪಿಎಲ್ ಎಂಬ ಪರವಾನಗಿಗೆ ಅವನು ಲಿನಕ್ಸನ್ನು ಒಳಪಡಿಸಿದನು. ಆ ಪರವಾನಗಿಯ ಸಾರವಿಷ್ಟು: ಯಾರು ಬೇಕಾದರೂ ಮೂಲಪಾಠವನ್ನು ಓದಬಹುದು, ತಿದ್ದಬಹುದು, ಹಂಚಬಹುದು, ಆದರೆ ತಿದ್ದಿ ಹಂಚಿದವನು ತನ್ನ ತಿದ್ದುಪಡಿಯನ್ನೂ ಪಡೆದವರಿಗೆ ಬಚ್ಚಿಡದೆ ಕೊಡತಕ್ಕದ್ದು. ಕರ್ತೃವು ಆಗದೆಂದು ಹೇಳಿದ್ದನ್ನು ಇತರರು ಮಾಡಿನೋಡಲು ಈಗ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಅದೇ ವರ್ಷ ಹೇಮಿಶ್ ಮ್ಯಾಕ್‌ಡೊನಾಲ್ಡ್, ಗ್ರೆಗ್ ಹಾರ್ಪ್ ಮೊದಲಾದವರು ಅಮಿಗಾಕ್ಕೆ ಲಿನಕ್ಸನ್ನು ಒಯ್ಯುವ ಕೆಲಸಕ್ಕೆ ಕೈಹಚ್ಚಿದರು. ಮುಂದೆ ಅಟಾರಿಯವರೂ ಬಂದು ಕೂಡಿಕೊಂಡರು. ಅಂಗಡಿಗಳಲ್ಲಿ ಸೆಣಸಾಡಿದ ಎರಡು ಪಂಗಡಗಳು ಮೂಲಪಾಠದಲ್ಲಿ ಒಂದಾದವು.

ಈ ಒಯ್ಯುವಿಕೆಯೆಂದರೇನು? ಇದು ಬರಿಯ ನಕಲು ಅಲ್ಲ. ಲಿನಕ್ಸಿನ ಬಹುಭಾಗವು ಸಿ ಎಂಬ ಭಾಷೆಯಲ್ಲಿದೆ. ಅದನ್ನು ಆಯಾ ಪ್ರೊಸೆಸರಿನ ಭಾಷೆಗೆ ಮಾರ್ಪಡಿಸುವ ಕಂಪೈಲರ್ ಬೇಕು. ಗ್ನೂ ಚಳವಳಿಯ ಮುಕ್ತ ಕಂಪೈಲರು ಮೋಟರೋಲಾ ಭಾಷೆಯನ್ನು ತನ್ನ ಆರಂಭದ ವರ್ಷಗಳಿಂದಲೇ ಬಲ್ಲದಾಗಿದ್ದುದು ಭಾಗ್ಯ. ಇಲ್ಲದಿದ್ದರೆ ಬೀಜವಿಲ್ಲದೆ ವೃಕ್ಷವಿಲ್ಲ, ವೃಕ್ಷವಿಲ್ಲದೆ ಬೀಜವಿಲ್ಲ ಎಂಬ ತೊಡಕು ಎದುರಾಗುತ್ತಿತ್ತು. ಅಷ್ಟಾದರೂ ಪ್ರೊಸೆಸರಿನ ಒಳಮರ್ಮವನ್ನು ನೇರವಾಗಿ ಮುಟ್ಟುವ ಭಾಗಗಳೆಲ್ಲವನ್ನೂ ಹೊಸದಾಗಿ ಬರೆಯಬೇಕು. ಅಲ್ಲಿ ಎದುರಾದ ಮೂರು ವಿಘ್ನಗಳನ್ನು ಹೇಳುತ್ತೇವೆ.

ಮೊದಲನೆಯದು ಅಂಕಗಳ ಅನುಕ್ರಮ. ದೊಡ್ಡ ಸಂಖ್ಯೆಯೊಂದನ್ನು ಮೆಮೊರಿಯಲ್ಲಿ ಹಲವು ಬೈಟುಗಳಾಗಿ ಒಡೆದು ಇಡುವಾಗ ಇಂಟೆಲ್ ಪ್ರೊಸೆಸರು ಕಿರಿಯ ತುದಿಯನ್ನು ಮೊದಲಿಡುತ್ತದೆ, ಮೋಟರೋಲಾ ಹಿರಿಯ ತುದಿಯನ್ನು. ನಮ್ಮ ಜ್ಯೋತಿಷಗ್ರಂಥಗಳಲ್ಲಿ ಸಂಖ್ಯೆಯನ್ನು ಪದಗಳಿಂದ ಸೂಚಿಸುವಾಗ ಬಿಡಿಸ್ಥಾನದಿಂದ ಆರಂಭಿಸಿ ಎಡಕ್ಕೆ ಸಾಗುವರು. ಅಂಗಡಿಯ ಲೆಕ್ಕದಲ್ಲಿ ಸಾವಿರವನ್ನು ಮೊದಲು ಹೇಳಿ ಬಿಡಿಯನ್ನು ಕೊನೆಗೆ ಹೇಳುವರು. ಎರಡೂ ಸರಿಯೇ. ಆದರೆ ಒಂದು ಕ್ರಮದಲ್ಲಿ ಬರೆದುದನ್ನು ಇನ್ನೊಂದು ಕ್ರಮದಲ್ಲಿ ಓದಿದರೆ ಸಾಲಗಾರನು ಸಾಹುಕಾರನಾಗುವನು. ಇಂಟೆಲ್ ಕ್ರಮವನ್ನೇ ಲೋಕದ ಏಕೈಕ ಕ್ರಮವೆಂದು ಭಾವಿಸಿ ಬರೆದ ಸಾಲುಗಳನ್ನೆಲ್ಲ ಹುಡುಕಿ ತಿದ್ದಬೇಕಾಯಿತು.

ಎರಡನೆಯದು ಪರದೆ. ಪಿಸಿಯ ಪರದೆಯು ಅಚ್ಚುಮೊಳೆಯ ಮುದ್ರಣದಂತೆ. ಅಕ್ಷರಗಳ ರೂಪವು ಯಂತ್ರದಲ್ಲಿಯೇ ಸಿದ್ಧವಾಗಿದ್ದು, ಅಕ್ಷರದ ಸಂಕೇತವನ್ನು ಕೊಟ್ಟರೆ ಸಾಕು, ಅಕ್ಷರವು ಮೂಡುವುದು. ಅಮಿಗಾದ್ದು ಕಲ್ಲಚ್ಚಿನ ರೀತಿ. ಪ್ರತಿಯೊಂದು ಅಕ್ಷರವನ್ನೂ ಚುಕ್ಕೆಚುಕ್ಕೆಯಾಗಿ ಬರೆಯಬೇಕು. ಬಣ್ಣದ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಬ್ಲಾಕು ಇರುವಂತೆ ಅಲ್ಲಿ ಚಿತ್ರವು ಹಲವು ಪದರಗಳಾಗಿ ಹಂಚಿಹೋಗಿ, ಎಲ್ಲ ಪದರಗಳೂ ಕೂಡಿದಾಗ ಬಣ್ಣವು ನಿರ್ಧಾರವಾಗುತ್ತದೆ. ಆದ್ದರಿಂದ ಪರದೆಯನ್ನು ನಡೆಸುವ ಭಾಗವನ್ನು ಬುಡದಿಂದಲೇ ಕಟ್ಟಬೇಕಾಯಿತು.

ಮೂರನೆಯದು ಮೆಮೊರಿಯ ಕಾವಲು. ಹಲವು ಕೆಲಸಗಳು ಒಂದೇ ಮೆಮೊರಿಯನ್ನು ಹಂಚಿಕೊಂಡಾಗ ಒಬ್ಬರ ಹೊಲಕ್ಕೆ ಇನ್ನೊಬ್ಬರು ನುಗ್ಗದಂತೆ ಗಡಿಗಳ ದಫ್ತರವನ್ನು ಇಟ್ಟುಕೊಂಡು ಕಾಯುವ ಶಾನುಭೋಗನೊಬ್ಬನು ಬೇಕು. ಎಂಎಂಯು ಎಂಬ ಘಟಕವೇ ಆ ಶಾನುಭೋಗ. ಅಮಿಗಾ ೩೦೦೦ದ ೬೮೦೩೦ ಪ್ರೊಸೆಸರಿನಲ್ಲಿ ಅವನಿದ್ದನು. ಹೆಚ್ಚು ಜನರ ಮನೆಯಲ್ಲಿದ್ದ ಅಗ್ಗದ ಅಮಿಗಾ ೫೦೦ರಲ್ಲಿ ಇರಲಿಲ್ಲ. ೧೯೯೨ರ ಅಮಿಗಾ ೧೨೦೦ರಲ್ಲಿಯೂ ಇರಲಿಲ್ಲ. ಅಂಥವರು ಬೇರೆ ಪ್ರೊಸೆಸರಿನ ಕಾರ್ಡನ್ನು ಕೊಂಡು ಸೇರಿಸಿಕೊಳ್ಳದೆ ಲಿನಕ್ಸ್ ನಡೆಯುವಂತಿರಲಿಲ್ಲ. ಪಾಠವು ಮುಕ್ತವಾದ ಮಾತ್ರಕ್ಕೆ ಬಡವನ ಯಂತ್ರಕ್ಕೆ ಇಲ್ಲದ ಅಂಗವು ಬಂದುಬಿಡುವುದಿಲ್ಲವೆಂಬ ಕಟುಸತ್ಯವನ್ನೂ ಇಲ್ಲಿ ಒಪ್ಪಲೇಬೇಕು.

ಈ ವಿಘ್ನಗಳನ್ನು ದಾಟಿ ಲಿನಕ್ಸು ಅಮಿಗಾದಲ್ಲಿ ಎದ್ದು ನಿಂತಿತು. ಅಮಿಬೂಟ್ ಎಂಬ ಪುಟ್ಟ ಕಾರ್ಯಕ್ರಮವು ಹಳೆಯ ಅಮಿಗಾ ವ್ಯವಸ್ಥೆಯಲ್ಲಿಯೇ ನಡೆಯುತ್ತ ಲಿನಕ್ಸಿನ ತಿರುಳನ್ನು ಮೆಮೊರಿಗೆ ತಂದಿಟ್ಟು, ಅಧಿಕಾರವನ್ನು ಒಪ್ಪಿಸಿ, ಮರೆಯಾಗುತ್ತಿತ್ತು. ಹಳೆಯ ದಿವಾನನು ಹೊಸಬನಿಗೆ ಮುದ್ರೆಯನ್ನು ಕೊಟ್ಟು ನಿವೃತ್ತನಾಗುವಂತೆ. ಇದಕ್ಕೆ ಇನ್ನೊಂದು ಅನುಕೂಲವೂ ಒದಗಿತ್ತು. ಕಮೊಡೋರ್ ತನ್ನ ಚಿಪ್ಪುಗಳ ರಚನೆಯನ್ನೂ ಬಳಕೆಯನ್ನೂ ವಿವರಿಸುವ ಕೈಪಿಡಿಯನ್ನು ಪುಸ್ತಕರೂಪದಲ್ಲಿ ಪ್ರಕಟಿಸಿತ್ತು. ಒಳವಿವರಗಳು ಸಾಕಷ್ಟು ಪ್ರಕಟವಾಗಿರದ ಮಾಕಿಂಟಾಷಿಗೆ, ಅದೇ ಪ್ರೊಸೆಸರಿದ್ದರೂ, ಲಿನಕ್ಸು ಬಹಳ ತಡವಾಗಿ ಬಂದಿತು. ಒಂದು ಕಂಪೆನಿಯು ಪ್ರಕಟಿಸಿದ ಪುಸ್ತಕವು ಆ ಕಂಪೆನಿ ಅಳಿದ ಮೇಲೂ ಅದರ ಗಿರಾಕಿಗಳನ್ನು ಕಾಪಾಡಿತೆಂಬುದು ಚಿಂತನಾರ್ಹವಾದ ಮಾತು.

ಈಗ ವ್ಯವಹಾರಜ್ಞರು ಕೇಳಬಹುದು: ಸತ್ತ ಯಂತ್ರಕ್ಕೆ ಇಷ್ಟು ಶ್ರಮವೇಕೆ? ಹೊಸ ಪಿಸಿಗಳು ಅಗ್ಗವಾಗಿ ದೊರೆಯುತ್ತಿರಲಿಲ್ಲವೆ? ಅಮಿಗಾವು ಇದರಿಂದ ಮರಳಿ ಮಾರುಕಟ್ಟೆಗೆ ಬಂದಿತೆ? ಬರಲಿಲ್ಲ; ನಿಜ. ಅದರ ಆಟಗಳೂ ಸಂಗೀತದ ಸಾಧನಗಳೂ ಲಿನಕ್ಸಿನಲ್ಲಿ ಹಾಗೆಯೇ ನಡೆಯಲಿಲ್ಲ, ಅದೂ ನಿಜ. ಜನರು ಪ್ರೀತಿಸಿದ್ದ ಹಳೆಯ ಪ್ರಾಣವು ಮುಚ್ಚಿದ ಪಾಠವಾಗಿಯೇ ಉಳಿಯಿತು. ಉಳಿದದ್ದು ದೇಹದ ಉಪಯೋಗ. ಆದರೆ ಫಲವನ್ನು ಅಳೆಯುವಾಗ ಅಮಿಗಾದ ಮನೆಯಂಗಳವೊಂದನ್ನೇ ನೋಡಿದರೆ ಸಾಲದು. ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಗುವಂತೆ ಈ ಶ್ರಮವು ಮೂಲ ಲಿನಕ್ಸನ್ನೇ ಬೆಳಗಿತು.

ಯಾವುದು ಯಂತ್ರಕ್ಕೆ ಸೇರಿದ್ದು, ಯಾವುದು ಎಲ್ಲ ಯಂತ್ರಗಳಿಗೂ ಸಾಮಾನ್ಯವಾದದ್ದು ಎಂಬ ವಿವೇಕವು ಇಂಥ ಪ್ರಯತ್ನಗಳಿಂದಲೇ ಲಿನಕ್ಸಿಗೆ ಬಂದಿತು. ೧೯೯೫ರ ಮಾರ್ಚಿನ ೧.೨ ಆವೃತ್ತಿಯಲ್ಲಿ ಆಲ್ಫಾ, ಸ್ಪಾರ್ಕ್, ಮಿಪ್ಸ್ ಪ್ರೊಸೆಸರುಗಳೂ, ೧೯೯೬ರ ಜೂನಿನ ೨.೦ ಆವೃತ್ತಿಯಲ್ಲಿ ಮೋಟರೋಲಾ ವರ್ಗವೂ ಮೂಲಪಾಠದೊಳಗೆ ಸ್ಥಾನ ಪಡೆದವು. ಅಕ್ಷರವನ್ನೂ ಚಿತ್ರವಾಗಿಯೇ ಬರೆಯುವ ಅಮಿಗಾ, ಅಟಾರಿಗಳ ಅನಿವಾರ್ಯತೆಯಿಂದ ಹುಟ್ಟಿದ ಫ್ರೇಮ್‌ಬಫರ್ ಎಂಬ ಏರ್ಪಾಡು ೧೯೯೯ರ ಜನವರಿಯ ೨.೨ ಆವೃತ್ತಿಯ ಹೊತ್ತಿಗೆ ಪಿಸಿಗಳಿಗೂ ದೊರೆಯಿತು. ೧೯೯೮ರ ಜುಲೈಯಲ್ಲಿ ಡೆಬಿಯನ್ ಎಂಬ ಪ್ರಸಿದ್ಧ ಲಿನಕ್ಸ್ ಸಂಗ್ರಹವು ಇಂಟೆಲಿನ ಹೊರಗೆ ಮೊದಲು ಕೈಚಾಚಿದ್ದು ಮೋಟರೋಲಾ ಯಂತ್ರಗಳಿಗೆ. ಆ ಮಂದಗತಿಯ ಯಂತ್ರಗಳಲ್ಲಿ ಸಾವಿರಾರು ಕಾರ್ಯಕ್ರಮಗಳನ್ನು ಕಂಪೈಲ್ ಮಾಡುವುದು ಒಬ್ಬರ ಕೈಲಾಗದ ಕೆಲಸವಾದ್ದರಿಂದ, ಹಲವರ ಯಂತ್ರಗಳಿಗೆ ತಾನಾಗಿ ಕೆಲಸ ಹಂಚುವ ಏರ್ಪಾಡನ್ನು ರೋಮನ್ ಹೋಡೆಕ್ ರಚಿಸಿದರು. ಮುಂದೆ ಡೆಬಿಯನ್ನಿನ ಎಲ್ಲ ವರ್ಗದ ಯಂತ್ರಗಳಿಗೂ ಅದೇ ಕ್ರಮವಾಯಿತು. ಬಡತನವು ಕಲಿಸಿದ ವಿದ್ಯೆಯನ್ನು ಶ್ರೀಮಂತರೂ ಕಲಿತರು.

ಇದೇ ವೇಳೆಯಲ್ಲಿ, ೧೯೯೪ರಲ್ಲಿ, ಇಂಗ್ಲೆಂಡಿನ ರಸೆಲ್ ಕಿಂಗ್ ಎಂಬುವರು ಅಕಾರ್ನ್ ಎಂಬ ಇನ್ನೊಂದು ಗೃಹಗಣಕಕ್ಕೆ ಲಿನಕ್ಸನ್ನು ಒಯ್ಯತೊಡಗಿದರು. ಅದರ ಪ್ರೊಸೆಸರು ಆರ್ಮ್. ಅಕಾರ್ನ್ ಗಣಕಗಳು ಕಾಲಗರ್ಭದಲ್ಲಿ ಸೇರಿಹೋದವು. ಆದರೆ ಆ ಕೆಲಸವು ವ್ಯರ್ಥವಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯ ಎಂಜಿನಿಯರರೂ ಕೂಡಿ, ಹಳ್ಳಿಯ ಜನರ ಕೈಗೆ ಅಗ್ಗದ ಗಣಕವೊಂದನ್ನು ಕೊಡಬೇಕೆಂದು ಹೊರಟು ೨೦೦೧ರಲ್ಲಿ ಸಿಂಪ್ಯೂಟರನ್ನು ತೋರಿಸಿದಾಗ, ಅದರ ಮಿದುಳು ಆರ್ಮ್ ವಂಶದ್ದು, ಪ್ರಾಣವು ಲಿನಕ್ಸು. ಕನ್ನಡವೇ ಮೊದಲಾದ ದೇಶಭಾಷೆಗಳ ಬರೆಹವನ್ನು ಓದಿ ಹೇಳುವ ಸಾಮರ್ಥ್ಯವನ್ನೂ ಅದಕ್ಕೆ ಕೂಡಿಸಿದರು. ಸಿಂಪ್ಯೂಟರು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲವೆಂಬುದು ವಿಷಾದದ ಸಂಗತಿಯೇ ಸರಿ. ಆದರೂ ಅದನ್ನು ಮಾಡಲು ನಮ್ಮವರು ಯಾವ ಕಂಪೆನಿಯ ಬಾಗಿಲಲ್ಲಿಯೂ ಕಾರ್ಯವ್ಯವಸ್ಥೆಗಾಗಿ ಕೈಯೊಡ್ಡಿ ನಿಲ್ಲಬೇಕಾಗಲಿಲ್ಲ. ೨೦೦೮ರಿಂದೀಚೆಗೆ ಬಂದ ಆಂಡ್ರಾಯ್ಡ್ ಫೋನುಗಳ ತಿರುಳಿನಲ್ಲಿಯೂ ಲಿನಕ್ಸೇ ಇದೆ. ಅವುಗಳಲ್ಲಿ ಹೆಚ್ಚಿನವು ಆರ್ಮ್ ಪ್ರೊಸೆಸರಿನವು.

ಈ ಕಥೆಗೆ ಇನ್ನೊಂದು ವಿಚಿತ್ರ ಉಪಸಂಹಾರವುಂಟು. ಲಿನಕ್ಸು ಯಾವ ಯಂತ್ರಕ್ಕಾಗಿ ಹುಟ್ಟಿತೋ ಆ ಇಂಟೆಲ್ ೩೮೬ಕ್ಕೆ ಕೊಡುತ್ತಿದ್ದ ಬೆಂಬಲವನ್ನು ೨೦೧೨ರ ಡಿಸೆಂಬರಿನಲ್ಲಿ ಟೊರ್ವಾಲ್ಡ್ಸರೇ ತೆಗೆದುಹಾಕಿದರು. ಡೆಬಿಯನ್ ಸಂಗ್ರಹವು ೨೦೦೭ರಲ್ಲಿ ಮೋಟರೋಲಾ ವರ್ಗವನ್ನು ತನ್ನ ಅಧಿಕೃತ ಪಟ್ಟಿಯಿಂದ ಬಿಟ್ಟರೂ, ಉತ್ಸಾಹಿಗಳು ಅದನ್ನು ಬದಿಯಲ್ಲಿಟ್ಟು ನಡೆಸಿಕೊಂಡು ಬಂದಿದ್ದಾರೆ. ಲಿನಕ್ಸಿನ ಮೂಲಪಾಠದಲ್ಲಿ ಅಮಿಗಾ, ಅಟಾರಿಗಳ ಭಾಗವು ಉಳಿದೇ ಇದೆ. ತವರಿನ ಮಗನು ಮನೆ ಬಿಟ್ಟನು, ದತ್ತುಮಗನು ಉಳಿದನು. ಎಲ್ಲಿಯವರೆಗೆ ನೋಡಿಕೊಳ್ಳುವವರಿರುವರೋ ಅಲ್ಲಿಯವರೆಗೆ ಯಂತ್ರಕ್ಕೆ ಆಯುಸ್ಸು. ಮುಕ್ತ ಪಾಠದ ಧರ್ಮವಿದು.

ಇದು ಮೂವತ್ತು ವರ್ಷದ ಹಿಂದಿನ ಮಾತೆಂದು ಯಾರೂ ತಳ್ಳಿಹಾಕುವಂತಿಲ್ಲ. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲವು ಮುಗಿಯಿತು. ಹೊಸ ವಿಂಡೋಸ್ ೧೧ ಕೇಳುವ ಭದ್ರತಾ ಚಿಪ್ಪು ಮೊದಲಾದವು ಇಲ್ಲದ ಎಷ್ಟೋ ಗಣಕಗಳು, ಒಂದು ತಿರುಪೂ ಸಡಿಲದೆ ಸುಸ್ಥಿತಿಯಲ್ಲಿದ್ದರೂ, ಅಮಿಗಾದ ಸ್ಥಿತಿಗೆ ಬಂದಿವೆ. ಅವುಗಳಲ್ಲಿ ಲಿನಕ್ಸನ್ನು ಹಾಕಿಕೊಂಡು ಶಾಲೆಗಳೂ ಸಣ್ಣ ಕಚೇರಿಗಳೂ ಮನೆಗಳೂ ಬಳಕೆಯನ್ನು ಮುಂದುವರಿಸಬಹುದು. ದಾರಿಯು ಆಗಲೇ ಕಡಿದಿಟ್ಟದ್ದಾಗಿದೆ. ಫೋನುಗಳ ವಿಷಯವು ಇದಕ್ಕಿಂತ ಕಠಿಣ. ತಿರುಳು ಮುಕ್ತವಾಗಿದ್ದರೂ ಎಷ್ಟೋ ತಯಾರಕರು ಚಿಪ್ಪುಗಳ ವಿವರವನ್ನು ಬಚ್ಚಿಟ್ಟು, ಬೇರೆ ವ್ಯವಸ್ಥೆ ಒಳಹೋಗದಂತೆ ಬೀಗ ಹಾಕುತ್ತಾರೆ. ಕೆಲವೇ ವರ್ಷಗಳಲ್ಲಿ ತಿದ್ದುಪಡಿಗಳನ್ನು ಕಳಿಸುವುದನ್ನು ನಿಲ್ಲಿಸುತ್ತಾರೆ. ಕಮೊಡೋರ್ ಮುಳುಗಿದ ಮೇಲೆ ಗಿರಾಕಿಯು ಅನಾಥನಾದನು. ಇಲ್ಲಿ ಕಂಪೆನಿಯು ಸುಖವಾಗಿ ಬಾಳುತ್ತಿರುವಾಗಲೇ ಅವನು ಅನಾಥನಾಗುತ್ತಾನೆ.

ಆದುದರಿಂದ ಯಂತ್ರವನ್ನು ಕೊಳ್ಳುವವರು, ವಿಶೇಷವಾಗಿ ಸಾರ್ವಜನಿಕರ ಹಣದಿಂದ ಶಾಲೆಗಳಿಗೂ ಕಚೇರಿಗಳಿಗೂ ಕೊಳ್ಳುವವರು, ಬೆಲೆಯೊಂದನ್ನೇ ಕೇಳಿ ಹಿಂದಿರುಗಬಾರದು. ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ಇದರ ಒಳರಚನೆಯ ವಿವರವು ಪ್ರಕಟವಾಗಿದೆಯೆ? ಇದರಲ್ಲಿ ಬೇರೆ ಕಾರ್ಯವ್ಯವಸ್ಥೆಯನ್ನು ಹಾಕಲು ಬೀಗದ ಕೈ ಕೊಂಡವನಿಗೆ ದೊರೆಯುವುದೆ? ಮಾರಿದವನು ಕೈಬಿಟ್ಟ ದಿನ ಇದನ್ನು ನೋಡಿಕೊಳ್ಳಬಲ್ಲ ಪಾಠವೂ ಜನರೂ ಉಂಟೆ? ಈ ಮೂರಕ್ಕೂ ಉತ್ತರವಿಲ್ಲದ ಯಂತ್ರವನ್ನು ಕೊಂಡವನು ಅದರ ಒಡೆಯನಲ್ಲ, ಗೇಣಿದಾರ. ಅದೂ ಗೇಣಿಯನ್ನೆಲ್ಲ ಮುಂಗಡವಾಗಿ ತೆತ್ತು, ಯಾವ ದಿನ ಒಕ್ಕಲೆಬ್ಬಿಸುವರೆಂಬುದನ್ನು ಅರಿಯದ ಗೇಣಿದಾರ. ಹೇಮಿಶ್ ಮ್ಯಾಕ್‌ಡೊನಾಲ್ಡ್ ಮತ್ತು ಅವರ ಸಂಗಡಿಗರು ಮಾಡಿತೋರಿಸಿದ್ದಿಷ್ಟೆ: ಪಾಠವು ಬಯಲಲ್ಲಿದ್ದರೆ ಯಂತ್ರಕ್ಕೆ ಒಡೆಯನು ಅಳಿಯುವುದೆಂಬುದೇ ಇಲ್ಲ, ಬಲ್ಲವರೆಲ್ಲರೂ ಅದರ ಬಡಗಿಗಳೇ.